ನಾಳೆ ಕೇಕ್ ನನ್ನ ಕಡೆಯಿಂದ

"ನಿಮ್ಮನ್ನ ಇಲ್ಲಿಗೆ ಯಾರೂ ಕರೆದಿಲ್ಲ," ಎಂದರು ಮೇಷ್ಟ್ರು. ಕೇಕ್ ಕತ್ತರಿಸುವ ಚಾಕು ಇನ್ನೂ ಅವರ ಕೈಯಲ್ಲೇ ಇತ್ತು. "ವರ್ಷಕ್ಕೆ ಒಂದೇ ಒಂದು ದಿನ ನಮ್ಮದು. ಅದಕ್ಕೂ ಕಲ್ಲು ಹಾಕ್ಬೇಕಾ?"

"ಕರೆದ ಕಡೆ ಮಾತ್ರ ಹೋಗೋದಾದ್ರೆ ನಾನು ಮದುವೆ ಮನೆ ಬಿಟ್ಟು ಬೇರೆಲ್ಲೂ ಹೋಗೋ ಹಾಗಿಲ್ಲ," ಎಂದಳು ಇನ್‌ಸ್ಪೆಕ್ಟರ್.

ಹಾಲಿನಲ್ಲಿದ್ದ ನಲವತ್ತು ಜನರಲ್ಲಿ ಒಬ್ಬರೂ ನಗಲಿಲ್ಲ. ಗೋಡೆಯಿಂದ ಗೋಡೆಗೆ ಕಟ್ಟಿದ ಬಟ್ಟೆಯ ಮೇಲೆ ಆಳೆತ್ತರದ ಅಕ್ಷರದಲ್ಲಿ 256 ಎಂದು ಬರೆದಿತ್ತು. ವರ್ಷದ ಇನ್ನೂರ ಐವತ್ತಾರನೆಯ ದಿನ ಪ್ರೋಗ್ರಾಮರುಗಳ ದಿನವಂತೆ. ಎಂಟು ಎರಡುಗಳನ್ನು ಒಂದಕ್ಕೊಂದು ಗುಣಿಸಿದರೆ ಬರುವ ಸಂಖ್ಯೆ ಅದು. ಕಂಪ್ಯೂಟರಿನವರಿಗೆ ಅದರ ಮೇಲೆ ಅದೇನೋ ಮೋಹ. ಇಷ್ಟನ್ನು ಇನ್‌ಸ್ಪೆಕ್ಟರಿಗೆ ಹಾಲಿನ ಬಾಗಿಲಲ್ಲೇ ಒಬ್ಬ ಹೇಳಿದ್ದ, ಹೇಳಿ ಮುಖ ತಿರುಗಿಸಿಕೊಂಡು ಹೋಗಿದ್ದ.

ಯಾವ ಮುಲಾಜೂ ಇಲ್ಲದೆ ಇದ್ದವನೆಂದರೆ ಆಕೆಯ ಜೀಪಿನ ಡ್ರೈವರ್ ಒಬ್ಬನೇ. ಮೂಲೆಯಲ್ಲಿ ನಿಂತು, ಕಾಗದದ ತಟ್ಟೆ ಹಿಡಿದು, ಕೇಕಿನ ಎರಡನೆಯ ತುಂಡಿಗೆ ಕೈ ಹಾಕಿದ್ದ. ಊರೆಲ್ಲ ಹಗೆ ಸಾಧಿಸಿದರೂ ಅವನ ಹೊಟ್ಟೆಗೆ ಅದು ಗೊತ್ತಾಗುತ್ತಿರಲಿಲ್ಲ.

ಹನ್ನೊಂದು ದಿನದ ಹಿಂದೆ, ಈ ಆಫೀಸಿನಲ್ಲಿ ಬರೆದ ಪ್ರೋಗ್ರಾಮಿನಿಂದ ನಡೆಯುವ ಔಷಧಿ ಪಂಪು ಆಸ್ಪತ್ರೆಯಲ್ಲಿ ಮಲಗಿದ್ದ ಒಬ್ಬ ದರ್ಜಿಯ ರಕ್ತಕ್ಕೆ ಹತ್ತು ಪಟ್ಟು ಔಷಧಿ ಹರಿಸಿ ಅವನನ್ನು ಕೊಂದಿತ್ತು. ಸಾವಿರದಿಂದ ಭಾಗಿಸಬೇಕಾದ ಒಂದು ಸಾಲಿನಲ್ಲಿ ಯಾರೋ ನೂರರಿಂದ ಭಾಗಿಸಿದ್ದರು. ಯಾವ ಸಾಲು ಯಾರ ಹೆಸರಲ್ಲಿ, ಎಷ್ಟು ಗಂಟೆಗೆ ಸೇರಿತು ಎಂಬ ದಾಖಲೆ ಈ ಕಸುಬಿನಲ್ಲಿ ಅಳಿಸಿಹೋಗುವುದಿಲ್ಲ. ಅದು ತೋರಿಸುತ್ತಿದ್ದುದು ಇರುವೆಯನ್ನು.

ಇರುವೆ ಎಂದರೆ ಆಫೀಸಿನ ಅತಿ ಕಿರಿಯ ಪ್ರೋಗ್ರಾಮರ್. ಆಳು ಗಿಡ್ಡ, ಸುಮ್ಮನೆ ಕೂತದ್ದನ್ನು ಕಂಡವರಿಲ್ಲ. ಅದಕ್ಕೇ ಆ ಹೆಸರು. ಕೆಲಸಕ್ಕೆ ಸೇರಿ ಒಂದು ವರ್ಷವೂ ತುಂಬಿರಲಿಲ್ಲ. ಈಗ ಕೆಳಮಹಡಿಯ ಬೆಂಚಿನ ಮೇಲೆ ಮಹಿಳಾ ಪೇದೆಯ ಪಕ್ಕ ಕೂತಿದ್ದಳು. ಗಂಟೆ ಮೂರು ದಾಟಿತ್ತು. ನಾಲ್ಕಕ್ಕೆ ಇನ್‌ಸ್ಪೆಕ್ಟರಿನ ವರದಿ ಸಾಹೇಬರನ್ನು ಮುಟ್ಟಬೇಕು, ಮುಟ್ಟಿದರೆ ಹುಡುಗಿ ಜೈಲಿಗೆ.

ಅವಳು ಮಾಡಿಲ್ಲ ಎಂದು ಇನ್‌ಸ್ಪೆಕ್ಟರಿನ ಮನಸ್ಸು ಹೇಳುತ್ತಿತ್ತು. ಮನಸ್ಸು ಹೇಳಿದ್ದನ್ನು ವರದಿಯಲ್ಲಿ ಬರೆಯಲು ಕಾಲಂ ಇರಲಿಲ್ಲ.

ವರದಿಯ ತಾಂತ್ರಿಕ ಭಾಗವನ್ನು ಆ ಹೊತ್ತಿನಲ್ಲಿ ಇನ್ನೊಬ್ಬ ಬರೆಯುತ್ತಿದ್ದ. ಸುದ್ದಿ ಪೇಪರಿಗೆ ಬಂದ ದಿನವೇ ತಾನಾಗಿ ಠಾಣೆಗೆ ಬಂದು, "ಕಂಪ್ಯೂಟರ್ ವಿಷಯ ನಿಮಗೆ ಕಷ್ಟ ಆಗತ್ತೆ, ನಾನಿದ್ದೀನಿ" ಎಂದಿದ್ದ ಉದ್ದ ಕಾಲಿನ ತಜ್ಞ ಅವನು. ಆಕೆಗೆ ಈ ವಿದ್ಯೆ ತಲೆಗೆ ಹತ್ತದು. ಹತ್ತು ದಿನದಿಂದ ಅವನ ಮಾತನ್ನೇ ಕೈಗೋಲು ಮಾಡಿಕೊಂಡಿದ್ದಳು. ಇವತ್ತೂ ಅವನೇ, ನೆಗಡಿಯೆಂದು ಮುಖಕ್ಕೆ ಮಾಸ್ಕ್ ಹಾಕಿಕೊಂಡು, "ಮುಂದೆ ಗಲಾಟೆ ಇರತ್ತೆ, ಹಿಂದಿನಿಂದ ಹೋಗೋಣ ಮೇಡಂ" ಎಂದು ಹಿಂಬಾಗಿಲ ಗುಂಡಿಗಳನ್ನು ಒತ್ತಿ ತೆರೆದು ದಾರಿ ಬಿಟ್ಟಿದ್ದ. ಇರುವೆಯ ಕೋಣೆಯಲ್ಲಿ ಕುರ್ಚಿಯನ್ನು ಕೊನೆಯವರೆಗೆ ಏರಿಸಿ ಕೂತು, ಇನ್‌ಸ್ಪೆಕ್ಟರಿನ ಲ್ಯಾಪ್‌ಟಾಪನ್ನು ಮುಂದಕ್ಕೆಳೆದುಕೊಂಡಿದ್ದ. "ನೀವು ಹೋಗಿ ಅವರ ಮುಖ ನೋಡ್ಕೊಂಡು ಬನ್ನಿ. ನಾನು ಬರೆದಿಟ್ಟಿರ್ತೀನಿ."

ಮುಖ ನೋಡಿ ಆಯಿತು. ಮುಖದಲ್ಲಿ ಏನೂ ಸಿಗಲಿಲ್ಲ. ಆಕೆ ಗೋಡೆಯ ಕಡೆ ತಿರುಗಿದಳು.

ಅಲ್ಲಿ ಸಾಲು ಸಾಲು ಚೀಟಿಗಳು. ವರ್ಷವಿಡೀ ಮಾಡಿದ ತಪ್ಪುಗಳಲ್ಲಿ ಅತಿ ದೊಡ್ಡದನ್ನು ಪ್ರತಿಯೊಬ್ಬರೂ ತಮ್ಮ ಕೈಯಾರೆ ಬರೆದು ಈ ದಿನ ಅಂಟಿಸಬೇಕೆಂಬುದು ಆಫೀಸಿನ ಪದ್ಧತಿ. ಒಬ್ಬ ಒಂದೇ ಪತ್ರವನ್ನು ಒಂಬತ್ತು ಸಾವಿರ ಜನರಿಗೆ ಕಳಿಸಿದ್ದ. ಇನ್ನೊಬ್ಬಳು ಕೆಟ್ಟ ಯಂತ್ರವನ್ನು ಬಿಟ್ಟು ಪಕ್ಕದ್ದನ್ನು ಮೂರು ದಿನ ರಿಪೇರಿ ಮಾಡಿದ್ದಳು. ಕೆಳಗಿನ ಸಾಲಿನಲ್ಲಿ ಬೇರೆ ಬಗೆಯ ಚೀಟಿಗಳಿದ್ದವು, ಅಚ್ಚು ಹಾಕಿದವು. ಎಲ್ಲದರಲ್ಲೂ ಒಂದೇ ಮಾತು: ನಾಳೆ ಕೇಕ್ ನನ್ನ ಕಡೆಯಿಂದ.

"ಇದೇನು, ಎಲ್ಲರೂ ಇಷ್ಟೊಂದು ಧಾರಾಳಿಗಳಾ?"

"ಅವರು ಬರೆದಿದ್ದಲ್ಲ ಅದು," ಎಂದಳು ಪಕ್ಕದಲ್ಲಿ ನಿಂತಿದ್ದ ಹೆಂಗಸು. ಬೇರೆಯವರು ಬರೆದದ್ದನ್ನು ಪರೀಕ್ಷಿಸುವ ವಿಭಾಗದ ಮುಖ್ಯಸ್ಥೆ, ಆಫೀಸಿಗೆಲ್ಲ ಅಕ್ಕ. ಮಾತಾಡುವ ಮನಸ್ಸಿರಲಿಲ್ಲ, ಆದರೆ ತಪ್ಪು ತಿಳಿದುಕೊಂಡವರನ್ನು ತಿದ್ದದೆ ಬಿಡಲು ಅವಳಿಂದ ಆಗುತ್ತಿರಲಿಲ್ಲ. ಅದೇ ಅವಳ ಕೆಲಸ. "ಸೀಟು ಬಿಟ್ಟು ಏಳೋವಾಗ ಕಂಪ್ಯೂಟರ್ ಲಾಕ್ ಮಾಡ್ಬೇಕು. ಮರೆತು ಹೋದ್ರೆ, ನೋಡಿದೋರು ಅಲ್ಲಿ ಕೂತು ಅವರ ಹೆಸರಲ್ಲೇ ಎಲ್ಲರಿಗೂ ಈ ಮೆಸೇಜ್ ಕಳಿಸ್ತಾರೆ. ಕಳಿಸಿದ ಮೇಲೆ ಲಾಕ್ ಮಾಡಿ ಏಳ್ತಾರೆ. ಹೆಸರು ಯಾರದ್ದೋ ಅವರು ಮಾರನೇ ದಿನ ಕೇಕ್ ತರಬೇಕು. ಕಳಿಸಿದ್ದು ಯಾರು ಅಂತ ಮಾತ್ರ ಕೇಳೋ ಹಾಗಿಲ್ಲ."

"ಕಳಿಸಿದ ಮೇಲೆ ಲಾಕ್ ಯಾಕೆ?"

"ಬುದ್ಧಿ ಕಲಿಸೋಕೆ ಕೂತೋರು ತಾವೇ ತೆರೆದಿಟ್ಟು ಹೋದ್ರೆ ಹೇಗೆ? ಬೆರಳಿಗೆ ಅಭ್ಯಾಸ ಆಗಿಹೋಗಿರತ್ತೆ. ಇಲ್ಲಿ ಆರು ತಿಂಗಳಿದ್ದೋರು ಸತ್ತ ಮೇಲೂ ಲಾಕ್ ಮಾಡ್ತಾರೆ."

ಇನ್‌ಸ್ಪೆಕ್ಟರ್ ಚೀಟಿಗಳ ಮೇಲೆ ಬೆರಳಾಡಿಸುತ್ತಾ ಹೋದಳು. ಬೆರಳು ನಿಂತಿತು.

ಇರುವೆಯ ಹೆಸರು. ಹೋದ ತಿಂಗಳ ಮೂವತ್ತೊಂದನೇ ತಾರೀಕು. ಹನ್ನೊಂದು ಗಂಟೆ ನಲವತ್ತನಾಲ್ಕು ನಿಮಿಷ.

ದರ್ಜಿಯನ್ನು ಕೊಂದ ಸಾಲು ಸೇರಿದ್ದೂ ಅದೇ ದಿನ, ಹನ್ನೊಂದು ನಲವತ್ತಕ್ಕೆ. ನಾಲ್ಕೇ ನಿಮಿಷ. ಅಂದರೆ ಆ ಹೊತ್ತಿನಲ್ಲಿ ಇರುವೆಯ ಕಂಪ್ಯೂಟರ್ ತೆರೆದು ಬಿದ್ದಿತ್ತು, ಅವಳು ಅಲ್ಲಿರಲಿಲ್ಲ. "ನಿಮ್ಮ ತಾಯಿ ಗೇಟಿನ ಹತ್ರ ತಲೆ ತಿರುಗಿ ಕೂತಿದ್ದಾರೆ ಅಂತ ಫೋನ್ ಬಂತು, ಓಡಿದೆ, ಗೇಟಲ್ಲಿ ಯಾರೂ ಇರಲಿಲ್ಲ" ಎಂದು ಹುಡುಗಿ ಮೊದಲ ದಿನದಿಂದ ಹೇಳುತ್ತಲೇ ಇದ್ದಳು. ಸಾಕ್ಷಿಯಿಲ್ಲದ ಮಾತು ಎಂದು ತಜ್ಞ ಅದನ್ನು ಬದಿಗೆ ಸರಿಸಿದ್ದ.

ಸಾಕ್ಷಿಯನ್ನು ನಲವತ್ತು ಜನ ಇಟ್ಟುಕೊಂಡಿದ್ದರು, ಅಲಂಕಾರ ಮಾಡಿ ಗೋಡೆಗೆ ಅಂಟಿಸಿದ್ದರು.

"ಇದನ್ನ ನನಗ್ಯಾಕೆ ಹೇಳ್ಲಿಲ್ಲ?" ಆಕೆಯ ದನಿ ಏರಿತು.

"ನೀವು ಕೇಳಿದ್ದು ಕೊಲೆ ವಿಷಯ. ಕೇಕ್ ವಿಷಯ ಕೇಳ್ಲಿಲ್ಲ," ಎಂದಳು ಅಕ್ಕ. ಆಮೇಲೆ ತುಸು ಮೆತ್ತಗಾಗಿ, "ಅವಳು ಹೇಳಿದ್ದಾಳಂತೆ. ಠಾಣೆಯಲ್ಲಿ ಬರ್ಕೊಳ್ತಿದ್ದ ನಿಮ್ಮ ತಜ್ಞರಿಗೆ. ಅದೆಲ್ಲ ತಮಾಷೆ, ವರದಿಗೆ ಬೇಡ ಅಂದ್ರಂತೆ. ಅತ್ಕೊಂಡು ನನ್ನ ಹತ್ರ ಹೇಳಿದ್ಲು."

ಇನ್‌ಸ್ಪೆಕ್ಟರಿಗೆ ರೇಗಿತು. ಬುದ್ಧಿವಂತರ ಹಣೆಬರಹವೇ ಇಷ್ಟು, ಸಣ್ಣದು ಅವರ ಕಣ್ಣಿಗೆ ಬೀಳುವುದಿಲ್ಲ ಎಂದುಕೊಂಡಳು. ಅವನನ್ನು ಆಮೇಲೆ ವಿಚಾರಿಸಿಕೊಳ್ಳಬಹುದು.

"ಆ ಹೊತ್ತಲ್ಲಿ ಈ ಮಹಡಿಯಲ್ಲಿ ಯಾರ್ಯಾರಿದ್ರು?"

"ಎಲ್ಲರೂ ಮೇಲೆ ನನ್ನ ಮೀಟಿಂಗಲ್ಲಿದ್ರು. ಹನ್ನೊಂದೂವರೆಗೆ ಶುರು."

"ಎಲ್ಲರೂ?"

ಅಕ್ಕ ಕಣ್ಣು ತಪ್ಪಿಸಿದಳು. ಕಣ್ಣು ಹೋಗಿ ನಿಂತದ್ದು ಚಾಕು ಹಿಡಿದ ಮೇಷ್ಟ್ರ ಮೇಲೆ. "ಅವರು ತಡವಾಗಿ ಬಂದ್ರು. ಹನ್ನೆರಡಕ್ಕೆ ಹತ್ತು ನಿಮಿಷ ಇತ್ತು. ಮಿಕ್ಕಿದ್ದು ಅವರನ್ನೇ ಕೇಳಿ."

ಮೇಷ್ಟ್ರು ಆಫೀಸಿನ ಮುಖ್ಯ ಪ್ರೋಗ್ರಾಮರ್. ಕಿರಿಯರಿಗೆ ಪಾಠ ಹೇಳಿ ಹೇಳಿ ಆ ಹೆಸರು ಅಂಟಿತ್ತು. ಕುಳ್ಳ ದೇಹ, ನೆರೆತ ಗಡ್ಡ, ಯಾರ ಮಾತನ್ನೂ ಪೂರ್ತಿ ಕೇಳಿಸಿಕೊಳ್ಳದ ಕಿವಿ. ಇನ್‌ಸ್ಪೆಕ್ಟರ್ ಅವರನ್ನು ಚಹಾ ಯಂತ್ರವಿದ್ದ ಮೂಲೆಗೆ ಕರೆದಳು.

"ಇರುವೆ ಕಂಪ್ಯೂಟರಿಂದ ಕೇಕ್ ಮೆಸೇಜ್ ಕಳಿಸಿದ್ದು ನೀವು."

"ಕೇಳೋ ಹಾಗಿಲ್ಲ ಅಂತ ಅಕ್ಕ ಹೇಳಿರಬೇಕಲ್ಲ."

"ನಾನು ನಿಮ್ಮ ಆಫೀಸಿನವಳಲ್ಲ."

"ಅದು ನೋಡಿದ್ರೇ ಗೊತ್ತಾಗತ್ತೆ. ಒಂದು ಸಾಲು ಓದೋಕೆ ಬರಲ್ಲ, ಪಕ್ಕದಲ್ಲಿ ಬಾಡಿಗೆ ತಜ್ಞನ್ನ ಇಟ್ಕೊಂಡು ನಮ್ಮ ಹುಡುಗಿ ಮೇಲೆ ಗೂಬೆ ಕೂರಿಸೋಕೆ ಬಂದಿದ್ದೀರಿ."

"ನಿಮ್ಮ ಹುಡುಗಿ," ಎಂದಳು ಇನ್‌ಸ್ಪೆಕ್ಟರ್. "ಹತ್ತು ದಿನದಲ್ಲಿ ನಿಮ್ಮ ಹುಡುಗಿ ಪರವಾಗಿ ಠಾಣೆಗೆ ಒಂದು ಹೆಜ್ಜೆ ಇಟ್ಟಿಲ್ಲ ನೀವು. ಈಗ ಕೇಳಿ. ಹನ್ನೊಂದು ನಲವತ್ತಕ್ಕೆ ಆ ಸಾಲು. ನಲವತ್ತನಾಲ್ಕಕ್ಕೆ ಕೇಕ್. ನಲವತ್ತಾರಕ್ಕೆ ಆ ಸಾಲು ಸರಿ ಇದೆ ಅಂತ ನಿಮ್ಮ ಹೆಸರಲ್ಲಿ ಒಪ್ಪಿಗೆ. ಮಹಡಿಯಲ್ಲಿ ಇದ್ದದ್ದು ನೀವೊಬ್ರೇ. ಓದೋಕೆ ಬರದಿದ್ರೂ ಇಷ್ಟು ಕೂಡಿಸೋಕೆ ನನಗೆ ಬರತ್ತೆ. ಅವಳ ಬದಲು ನಿಮ್ಮನ್ನ ಜೀಪಿಗೆ ಹತ್ತಿಸ್ಲಾ?"

ಮೇಷ್ಟ್ರ ಮುಖದ ಬಣ್ಣ ಇಳಿಯಿತು. ಚಾಕುವನ್ನು ಚಹಾ ಯಂತ್ರದ ಮೇಲೆ ಇಟ್ಟರು.

"ಓದ್ಲಿಲ್ಲ," ಎಂದರು.

"ಏನು?"

"ಆ ಸಾಲನ್ನ ನಾನು ಓದ್ಲಿಲ್ಲ. ಒಬ್ಬರು ಬರೆದಿದ್ದನ್ನ ಇನ್ನೊಬ್ಬರು ಓದಿಯೇ ಒಪ್ಪಿಗೆ ಕೊಡಬೇಕು, ಆ ನಿಯಮ ಮಾಡಿದ್ದೂ ನಾನೇ. ಅವತ್ತು ಸಂಜೆ ಎಲ್ಲ ಆಸ್ಪತ್ರೆಗೆ ಹೋಗ್ಬೇಕಿತ್ತು. ಅರವತ್ತು ಬದಲಾವಣೆ ಕಾದು ಕೂತಿದ್ವು. ಕಣ್ಣು ಮುಚ್ಕೊಂಡು ಒತ್ತಿಬಿಟ್ಟೆ. ಇಷ್ಟು ವರ್ಷ ಓದಿ ಅಂತ ಇವರಿಗೆಲ್ಲ ಬೈದಿದ್ದೀನಿ ನಾನು."

"ಅದನ್ನ ಮುಚ್ಚಿಡೋಕೆ ಬಾಯಿ ಬಿಗಿದ್ಕೊಂಡು ಕೂತ್ರಿ. ನಿಮ್ಮ ಮಾನ ಉಳಿಸೋಕೆ ಆ ಮಗು ಜೈಲಿಗೆ ಹೋಗ್ಬೇಕು."

"ನನಗೆ ನಿದ್ದೆ ಇಲ್ಲ."

"ಆ ದರ್ಜಿಗೆ ಬೇಕಾದಷ್ಟು ನಿದ್ದೆ ಇದೆ."

ಹೀಗೆ ಹೇಳಿದ್ದಕ್ಕೆ ಆಕೆಗೆ ಕೊಂಚವೂ ಬೇಸರವಾಗಲಿಲ್ಲ. ಮೇಷ್ಟ್ರು ಗೋಡೆಗೆ ಒರಗಿದರು. ಹಾಲಿನಲ್ಲಿದ್ದವರಿಗೆ ಕೇಳಿಸದ ಹಾಗೆ ದನಿ ತಗ್ಗಿಸಿದರು.

"ಕೇಕ್ ಮೆಸೇಜ್ ನಂದೇ. ಒಪ್ಪಿಗೆ ಒತ್ತಿ ಮೀಟಿಂಗಿಗೆ ಹೋಗೋಣ ಅಂತ ನನ್ನ ಸೀಟಿಗೆ ಹೊರಟಿದ್ದೆ, ಅವಳ ಪರದೆ ತೆರೆದಿತ್ತು. ಇವಳು ಹಾಗೆ ಬಿಟ್ಟು ಹೋಗೋಳೇ ಅಲ್ಲ. ಸಿಕ್ಕಿಬಿದ್ಲಲ್ಲ ಅಂತ ಖುಷಿಯಾಗಿ ಹೋಗಿ ಕೂತೆ. ಕೂತ್ರೆ ನನ್ನ ಕಾಲು ನೆಲಕ್ಕೆ ಎಟುಕಲಿಲ್ಲ."

"ಅಂದ್ರೆ?"

"ಇರುವೆ ಕುರ್ಚಿ ಯಾವಾಗಲೂ ಪೂರ್ತಿ ಕೆಳಗಿರತ್ತೆ. ಅವಳಿರೋದೇ ಅಷ್ಟು. ಅವತ್ತು ಕೊನೆಯವರೆಗೂ ಏರಿಸಿತ್ತು. ಮೌಸ್ ಎಡಗಡೆ ಇತ್ತು. ಅವಳು ಬಲಗೈಯವಳು."

"ನಿಮಗಿಂತ ಮುಂಚೆ ಅಲ್ಲಿ ಇನ್ಯಾರೋ ಕೂತಿದ್ರು."

"ಹಾಗೆ ಕೂರೋನು ಇಲ್ಲಿ ಒಬ್ಬನೇ ಇದ್ದ. ಕೊಕ್ಕರೆ ಅಂತಿದ್ವಿ. ಉದ್ದ ಕಾಲು, ಎಡಗೈ." ಮೇಷ್ಟ್ರು ಚೀಟಿಗಳ ಗೋಡೆಯ ಕಡೆ ನೋಡಿದರು. "ಮೂರು ವರ್ಷದ ಹಿಂದೆ, ಇದೇ ದಿನ, ಅವನು ತನ್ನ ತಪ್ಪನ್ನ ಅಲ್ಲಿ ಅಂಟಿಸಿದ್ದ. ಸಾವಿರದ ಜಾಗದಲ್ಲಿ ನೂರು ಬರೆದಿದ್ದ. ಅದೇ ಸಾಲಲ್ಲಿ. ಪಂಪು ಹೊರಗೆ ಹೋಗೋ ಮೊದಲೇ ಅಕ್ಕ ಹಿಡಿದಿದ್ಲು, ಯಾರಿಗೂ ಏನೂ ಆಗಿರಲಿಲ್ಲ. ಪಾಪ, ಪದ್ಧತಿ ಅಂತ ನಂಬಿ ಬರೆದಿದ್ದ ಅವನು. ನಾನು ಅದನ್ನ ಎಲ್ಲರ ಮುಂದೆ ಓದಿ ನಗಿಸ್ದೆ. ಐದು ನಿಮಿಷ ನಗಿಸ್ದೆ. ಮಾರನೇ ದಿನದಿಂದ ಬರಬೇಡ ಅಂದೆ."

"ಅವನೇನಂದ?"

"ಏನೂ ಅನ್ಲಿಲ್ಲ. ಕೇಕ್ ತಿಂದು ಮುಗಿಸಿ ಹೋದ."

ಇನ್‌ಸ್ಪೆಕ್ಟರ್ ಕೇಳಿದಳು, "ಕೆಲಸ ಬಿಟ್ಟೋನು ಒಳಗೆ ಹೇಗೆ ಬರ್ತಾನೆ?"

"ಹಿಂಬಾಗಿಲು. ನಾಲ್ಕು ಅಂಕಿ ಒತ್ತಿದ್ರೆ ತೆರೆಯತ್ತೆ." ಮೇಷ್ಟ್ರು ಮೇಲೆ ಕಟ್ಟಿದ್ದ ಬಟ್ಟೆಯತ್ತ ಗಲ್ಲ ಎತ್ತಿದರು. "ಸೊನ್ನೆ, ಎರಡು, ಐದು, ಆರು. ಆಫೀಸು ಶುರುವಾದಾಗಿಂದ ಬದಲಾಯಿಸಿಲ್ಲ."

"ಊರಿಗೆಲ್ಲ ಪಾಸ್‌ವರ್ಡ್ ಬದಲಾಯಿಸಿ ಅಂತ ಬುದ್ಧಿ ಹೇಳೋರು ನೀವು," ಎಂದಳು ಇನ್‌ಸ್ಪೆಕ್ಟರ್. ಮಾತು ಬಾಯಲ್ಲಿರುವಾಗಲೇ ಏನೋ ಚುಚ್ಚಿತು. "ಇರಿ. ಈ ಅಂಕಿ ನಮ್ಮವರಿಗೆ ಯಾವಾಗ ಕೊಟ್ರಿ?"

"ನಿಮ್ಮವರಿಗಾ? ಯಾಕೆ ಕೊಡ್ತೀವಿ? ನೀವು ಮುಂಬಾಗಿಲಿಂದ ಬಂದಿದ್ದಲ್ವಾ?"

ಹತ್ತು ದಿನ ಠಾಣೆಯಲ್ಲಿ ಮೇಜಿನ ಆಚೆ ಕೂತಿದ್ದ ಮನುಷ್ಯ ಆಕೆಯ ಕಣ್ಣೆದುರು ಬಂದ. ಚಹಾದ ಲೋಟ ಅವನ ಎಡಗೈಯಲ್ಲಿ. ಪೆನ್ನು ಎಡಗೈಯಲ್ಲಿ. ಈ ಕಟ್ಟಡದೊಳಗೆ ಕಾಲಿಟ್ಟೇ ಇಲ್ಲ ಎಂದಿದ್ದವನು ಯಾರನ್ನೂ ಕೇಳದೆ ಬಾಗಿಲು ತೆರೆದಿದ್ದ. ಯಾರನ್ನೂ ಕೇಳದೆ ಕಾರಿಡಾರಿನ ಮೂರನೆಯ ಕೋಣೆಗೆ ನಡೆದಿದ್ದ. ಬಂದು ಒಂದು ವರ್ಷವಾಗದ ಇರುವೆಗೆ ಅವನ ಗುರುತು ಸಿಗುವಂತಿರಲಿಲ್ಲ. ಸಿಗುವವರೆಲ್ಲ ಈ ಹಾಲಿನಲ್ಲಿದ್ದರು, ಅವರಿಂದ ದೂರ ಇರಲೆಂದೇ ನೆಗಡಿ, ಮಾಸ್ಕು, ಹಿಂಬಾಗಿಲು.

ಕಳ್ಳನ ಕೈಗೆ ಕೀಲಿ ಕೊಟ್ಟದ್ದಲ್ಲ, ಕಳ್ಳನನ್ನೇ ಕೈಗೋಲು ಮಾಡಿಕೊಂಡಿದ್ದಳು. ಆಕೆಗೆ ತನ್ನ ಮೇಲೆ ಅಸಹ್ಯವಾಯಿತು.

ಕಾರಿಡಾರಿನಲ್ಲಿ ಓಡಿದಳು. ಮೇಷ್ಟ್ರು ಹಿಂದೆಯೇ ಏದುಸಿರು ಬಿಡುತ್ತಾ ಬಂದರು.

ಕೋಣೆ ಖಾಲಿ. ಕುರ್ಚಿ ತುದಿಯವರೆಗೆ ಏರಿತ್ತು. ಲ್ಯಾಪ್‌ಟಾಪಿನ ಪಕ್ಕದ ಮೌಸ್ ಎಡಕ್ಕಿತ್ತು. ಮೇಷ್ಟ್ರು ಅದನ್ನು ನೋಡಿ ಬಾಗಿಲಲ್ಲೇ ಕಲ್ಲಾದರು.

ಲ್ಯಾಪ್‌ಟಾಪ್ ಇತ್ತು. ಪರದೆ ಕಪ್ಪಗಿತ್ತು, ಪಾಸ್‌ವರ್ಡ್ ಕೇಳುತ್ತಿತ್ತು.

"ನಾನು ಲಾಕ್ ಮಾಡಿರಲಿಲ್ಲ," ಎಂದಳು ಇನ್‌ಸ್ಪೆಕ್ಟರ್. ಜೀವಮಾನದಲ್ಲಿ ಆಕೆ ಎಂದೂ ಲಾಕ್ ಮಾಡಿದವಳಲ್ಲ.

"ಅವನು ಮಾಡಿದ್ದಾನೆ," ಎಂದರು ಮೇಷ್ಟ್ರು. "ಬೆರಳಿನ ಅಭ್ಯಾಸ. ಅವತ್ತು ನನ್ನ ಹೆಜ್ಜೆ ಸದ್ದಿಗೆ ಎದ್ದು ಓಡಿರಬೇಕು, ಇವತ್ತು ಅವನಿಗೆ ಪುರುಸೊತ್ತಿತ್ತು. ಅಂದ್ರೆ, ಅದಕ್ಕೂ ಮುಂಚೆ ನಿಮ್ಮ ಹೆಸರಲ್ಲಿ ಏನೋ ಕಳಿಸಿದ್ದಾನೆ."

ಆಕೆ ಪಾಸ್‌ವರ್ಡ್ ಒತ್ತಿದಳು, ತಪ್ಪಿತು, ಮತ್ತೆ ಒತ್ತಿದಳು. ಕಳಿಸಿದ ಪತ್ರಗಳ ಪಟ್ಟಿಯ ತುದಿಯಲ್ಲಿ ಒಂದು. ಆಕೆಯ ಹೆಸರಿನಲ್ಲಿ, ಕೆಳಗೆ ಕೂತಿದ್ದ ಮಹಿಳಾ ಪೇದೆಗೆ. ಒಂಬತ್ತು ನಿಮಿಷದ ಹಿಂದೆ.

*ತನಿಖೆ ಮುಗಿಯಿತು. ಹುಡುಗಿಯನ್ನು ಹಿಂಬಾಗಿಲಿಗೆ ಕರೆತಂದು ತಜ್ಞರಿಗೆ ಒಪ್ಪಿಸಿ. ಜೀಪು ಅಲ್ಲಿಗೇ ಬರುತ್ತದೆ. ಠಾಣೆಗೆ ಅವರೇ ಕರೆದೊಯ್ಯುತ್ತಾರೆ. ನೀವು ಮೇಲೆ ಬಂದು ಹಾಲಿನಿಂದ ಯಾರೂ ಹೊರಗೆ ಹೋಗದಂತೆ ನೋಡಿಕೊಳ್ಳಿ.*

ಬಾಗಿಲ ಬಳಿ ಬೂಟಿನ ಸದ್ದಾಯಿತು. ಮಹಿಳಾ ಪೇದೆ ಮೆಟ್ಟಿಲು ಹತ್ತಿದ ಆಯಾಸದಲ್ಲಿ ಸೆಲ್ಯೂಟ್ ಹೊಡೆದಳು.

"ಹಾಲಲ್ಲಿ ನಿಮ್ಮನ್ನ ಹುಡುಕಿದೆ ಮೇಡಂ. ಹೇಳಿದ ಹಾಗೆ ಒಪ್ಪಿಸಿ ಬಂದೆ."

"ಒಪ್ಪಿಸಿ ಬಂದ್ಯಾ?"

"ಹೆಣ್ಣುಮಗಳನ್ನ ಹಾಗೆ ಕಳಿಸ್ಬಾರದು ಅಂತ ನನಗೂ ಅನ್ನಿಸ್ತು. ಆದ್ರೆ ನಿಮ್ಮ ಆರ್ಡರ್ ಅಲ್ವಾ? ಅವಳೇನೋ ಖುಷಿಯಲ್ಲೇ ಹೋದ್ಲು ಮೇಡಂ. ನಿನ್ನದೇನೂ ತಪ್ಪಿಲ್ಲ, ಮನೆಗೆ ಬಿಡ್ತೀನಿ ಬಾ ಅಂತ ಆ ಸರ್ ಅವಳ ಕಿವೀಲಿ ಹೇಳಿದ್ರು. ಅವಳನ್ನ ಸಮಾಧಾನವಾಗಿ ಕರ್ಕೊಂಡು ಹೋಗೋಕೆ ಹಾಗಂದ್ರೇನೋ ಅಂದ್ಕೊಂಡೆ."

ಇನ್‌ಸ್ಪೆಕ್ಟರ್ ಕಿಟಕಿಗೆ ನುಗ್ಗಿದಳು. ಕೆಳಗೆ ಹಿಂಬಾಗಿಲಿನ ಮುಂದೆ ಬರೀ ರಸ್ತೆ. ಕೈ ತಪ್ಪಿಸಿಕೊಂಡು ಓಡಿಹೋದಳು ಎಂದು ಅವನು ಹೇಳಿದರೆ ಸಾಕು, ತಪ್ಪು ಕಾಣೆಯಾದ ಹುಡುಗಿಯದೇ ಎಂದು ಕೇಸು ಮುಚ್ಚಿಹೋಗುತ್ತದೆ.

"ಡ್ರೈವರಿಗೆ ಫೋನ್ ಮಾಡು. ಎಲ್ಲಿದ್ರೂ ಗಾಡಿ ಅಲ್ಲೇ ನಿಲ್ಲಿಸೋಕೆ ಹೇಳು. ಈಗಲೇ."

ಪೇದೆ ನಂಬರ್ ಒತ್ತಿದಳು. ಫೋನು ರಿಂಗಾಯಿತು. ಕಾರಿಡಾರಿನಲ್ಲೇ ರಿಂಗಾಯಿತು, ಹತ್ತಿರ ಬಂತು, ಬಾಗಿಲಲ್ಲಿ ಬಂದು ನಿಂತಿತು.

ಡ್ರೈವರ್ ಕಾಗದದ ತಟ್ಟೆಯನ್ನು ಒಂದು ಕೈಯಿಂದ ಇನ್ನೊಂದಕ್ಕೆ ಬದಲಿಸಿ ಜೇಬಿಗೆ ಕೈ ಹಾಕುತ್ತಿದ್ದವನು, ಮೂವರ ಮುಖ ನೋಡಿ ಸುಮ್ಮನಾದ. ತುಟಿಯ ಮೇಲೆ ಕೇಕಿನ ಬಿಳಿ ಹಾಗೇ ಇತ್ತು.

"ಕೀ ಎಲ್ಲಿ?" ಎಂದಳು ಇನ್‌ಸ್ಪೆಕ್ಟರ್.

"ಗಾಡೀಲೇ ಬಿಟ್ಟು ಬಂದೆ ಮೇಡಂ," ಎಂದ ಅವನು. "ಪೊಲೀಸ್ ಜೀಪು, ಯಾರು ಮುಟ್ತಾರೆ ಅಂತ."